ಕಾರಿನ ಮಂಜುಗಡ್ಡೆ ನಿವಾರಣೆ

ಚಳಿಗಾಲದ ಬಿರುಗಾಳಿಯಲ್ಲಿ ಕಾರಿನ ಗಾಜು, ಬಾಗಿಲು, ಚಾವಣಿಗಳ ಮೇಲೆ ಕಟ್ಟಿಕೊಂಡ ಮಂಜುಗಡ್ಡೆಯನ್ನು ತೆಗೆಯುವ ಕೆಲಸ. ಓಡಿಸುವವರಿಗೆ ದಾರಿ ನಿಚ್ಚಳವಾಗಿ ಕಾಣಬೇಕೆಂಬುದೇ ಇದರ ಮೊದಲ ಉದ್ದೇಶ. ಕನ್ನಡದಲ್ಲಿ ಮಂಜು ಎಂಬ ಒಂದೇ ಮಾತು ಕಾವಳಕ್ಕೂ ಹಿಮಕ್ಕೂ ಸಲ್ಲುತ್ತದೆ. ಆದ್ದರಿಂದ ಇಲ್ಲಿ ಹಗುರವಾಗಿ ಉದುರುವುದನ್ನು ಹಿಮವೆಂದೂ ಗಟ್ಟಿ ಪದರವನ್ನು ಮಂಜುಗಡ್ಡೆಯೆಂದೂ ಕರೆದಿದೆ.

ಸ್ವರೂಪ

ಹಿಮವನ್ನು ಬ್ರಷ್ಷಿನಿಂದ ಗುಡಿಸಿದರೆ ಹೋಗುತ್ತದೆ. ಕಷ್ಟವೆಲ್ಲ ಹೆಪ್ಪುಗಟ್ಟುವ ಮಳೆಯದು. ಮೇಲಿನ ಬೆಚ್ಚನೆಯ ಗಾಳಿಯಲ್ಲಿ ಕರಗಿದ ಹಿಮ, ನೆಲದ ಬಳಿಯ ಕೊರೆಯುವ ಗಾಳಿಗೆ ಇಳಿದಾಗ 0° ಸೆ.ಗಿಂತ ತಣ್ಣಗಾಗಿಯೂ ನೀರಾಗಿಯೇ ಇರುತ್ತದೆ. ಕಾರಿಗೆ ತಾಗಿದೊಡನೆ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ. 1998ರ ಜನವರಿಯಲ್ಲಿ ಕೆನಡಾದ ಮಾಂಟ್ರಿಯಲ್ ಸುತ್ತಮುತ್ತ ದಿನಗಟ್ಟಲೆ ಇಂಥ ಮಳೆ ಸುರಿದು, ಕೆಲವೆಡೆ 100 ಮಿ.ಮೀ.ಗೂ ಮಿಕ್ಕಿತು. ವಿದ್ಯುತ್ ಗೋಪುರಗಳೇ ಆ ಭಾರಕ್ಕೆ ಕುಸಿದವು. ಲಕ್ಷಾಂತರ ಮನೆಗಳು ಕತ್ತಲಲ್ಲಿ ಮುಳುಗಿದವು.

1 ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 334 ಜೂಲ್ ಶಾಖ ಬೇಕು. ಅಷ್ಟರಲ್ಲಿ ಅದೇ ತೂಕದ ನೀರನ್ನು 0°ಯಿಂದ 80° ಸೆ.ವರೆಗೆ ಕಾಯಿಸಬಹುದು. ಹಾಗಾಗಿ ಇಡೀ ಪದರವನ್ನು ಕರಗಿಸಹೊರಟರೆ ಹೊತ್ತೂ ಇಂಧನವೂ ವ್ಯರ್ಥ. ಗಾಜಿಗೂ ಮಂಜುಗಡ್ಡೆಗೂ ನಡುವಿನ ಅಂಟು ಬಿಟ್ಟರೆ ಉಳಿದದ್ದು ತಾನೇ ಕಳಚುತ್ತದೆ. ಈ ಅಂಟು ಬಿಡಿಸುವ ದಾರಿಗಳ ಹುಡುಕಾಟವೇ ಈ ಕೆಲಸದ ಇತಿಹಾಸ.

ಕೈಯ ಕಾಲ

ಮೊದಮೊದಲು ಚಾಲಕರು ಗಾಡಿ ನಿಲ್ಲಿಸಿ ಕೈಯಿಂದಲೇ ಗಾಜು ಒರೆಸಬೇಕಿತ್ತು. ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್ ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋಗಿದ್ದಾಗ, ಹಿಮ ಬೀಳುತ್ತಿದ್ದರೂ ಟ್ರಾಮ್ ಚಾಲಕ ಮುಂದಿನ ಕಿಟಕಿ ತೆರೆದುಕೊಂಡೇ ಓಡಿಸುವುದನ್ನು ಕಂಡರು. ಒಳಗಿನಿಂದಲೇ ಹಿಡಿಕೆ ತಿರುಗಿಸಿ ರಬ್ಬರ್ ಪಟ್ಟಿಯಿಂದ ಗಾಜು ಒರೆಸುವ ಸಾಧನಕ್ಕೆ 1903ರ ನವೆಂಬರ್ 10ರಂದು ಅವರಿಗೆ ಪೇಟೆಂಟ್ ದೊರೆಯಿತು. ಅದನ್ನು ಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಪೇಟೆಂಟಿನ ಅವಧಿ ಮುಗಿದ ಮೇಲೆ ವೈಪರ್ ಎಲ್ಲ ಕಾರುಗಳಿಗೂ ಬಂತು. ಆಂಡರ್ಸನ್ನರಿಗೆ ಸಲ್ಲಬೇಕಾದ ಮನ್ನಣೆ ಅಮೆರಿಕದ ರಾಷ್ಟ್ರೀಯ ಆವಿಷ್ಕಾರಕರ ಗೌರವ ಪಟ್ಟಿಯ ಮೂಲಕ ದೊರೆತದ್ದು 2011ರಲ್ಲಿ.

ಆದರೆ ಗಟ್ಟಿಯಾಗಿ ಅಂಟಿದ್ದನ್ನು ವೈಪರ್ ಬಿಡಿಸಲಾರದು. ಬಲವಂತಕ್ಕೆ ರಬ್ಬರೇ ಹರಿಯುತ್ತದೆ. ಆದ್ದರಿಂದ ಗಾಜು ಕೆರೆಯುವ ಪ್ಲಾಸ್ಟಿಕ್ಕಿನ ಸ್ಕ್ರೇಪರ್ ಇಂದಿಗೂ ಕಾರಿನೊಳಗೆ ಉಳಿದಿದೆ.

ಶಾಖದ ಕಾಲ

1938ರಲ್ಲಿ ಅಮೆರಿಕದ ನ್ಯಾಶ್ ಕಾರು ಕಂಪನಿ ಹೊರಗಿನ ಗಾಳಿಯನ್ನು ಎಂಜಿನ್ನಿನ ಬಿಸಿನೀರಿನಿಂದ ಕಾಯಿಸಿ ಕಾರಿನೊಳಗೆ ಬಿಡುವ ಏರ್ಪಾಡು ತಂದಿತು. ಬಿಸಿಗಾಳಿಯನ್ನು ಗಾಜಿನತ್ತ ಊದಿದಾಗ ಅಂಟು ಒಳಗಿನಿಂದಲೇ ಸಡಿಲವಾಗತೊಡಗಿತು. ಎಂಜಿನ್ ಕಾಯುವವರೆಗೆ ಕಾಯಬೇಕಾದುದು ಇದರ ಕೊರತೆ. ಅಮೆರಿಕದ ನಾರ್ತ್ ಡಕೋಟದ ಆಂಡ್ರ್ಯೂ ಫ್ರೀಮನ್, ನಿಂತ ಕಾರಿನ ಎಂಜಿನ್ನನ್ನೇ ವಿದ್ಯುತ್ತಿನಿಂದ ಬೆಚ್ಚಗಿಡುವ ಹೀಟರ್‌ಗೆ 1949ರಲ್ಲಿ ಪೇಟೆಂಟ್ ಪಡೆದರು.

ಹಿಂದಿನ ಗಾಜಿನಲ್ಲಿ ಕಾಣುವ ಅಡ್ಡಗೆರೆಗಳು ವಿದ್ಯುತ್ ಹರಿದಾಗ ಬಿಸಿಯಾಗುವ ತಂತುಗಳು. 1985ರಲ್ಲಿ ಫೋರ್ಡ್ ಕಂಪನಿ ಯುರೋಪಿನ ಸ್ಕಾರ್ಪಿಯೊ ಕಾರಿನ ಮುಂದಿನ ಗಾಜಿನೊಳಗೂ ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣ ತಂತಿಗಳನ್ನು ಹುದುಗಿಸಿತು. ಗಾಜಿಗೆ ತಾಗಿದ ತೆಳು ಪದರವಷ್ಟೇ ಕರಗಿ, ಮೇಲಿನದು ಜಾರಿ ಬೀಳುತ್ತದೆ.

ದ್ರವಗಳು

ಐಸೊಪ್ರೊಪೈಲ್ ಆಲ್ಕೊಹಾಲ್ ಹೆಪ್ಪುಗಟ್ಟುವುದು ಸುಮಾರು -89° ಸೆ.ನಲ್ಲಿ. ನೀರಿನೊಡನೆ ಬೆರೆಸಿ ಸಿಂಪಡಿಸಿದರೆ ಮಂಜುಗಡ್ಡೆ ಸಡಿಲವಾಗುತ್ತದೆ. ಇನ್ನೊಂದು ಆಲ್ಕೊಹಾಲ್ ಆದ ಮೆಥನಾಲ್ ವಿಷಕಾರಿ; ಆದ್ದರಿಂದ ಸಾರ್ವಜನಿಕರಿಗೆ ಮಾರುವ ಇಂಥ ದ್ರವಗಳಲ್ಲಿ ಅದರ ಪ್ರಮಾಣವನ್ನು ಐರೋಪ್ಯ ಒಕ್ಕೂಟ 2018ರ ನಿಯಮದಲ್ಲಿ ಮಿತಿಗೊಳಿಸಿತು. ಕುದಿವ ನೀರು ಸುರಿಯುವುದು ತಪ್ಪು: ಗಾಜು ಒಮ್ಮೆಲೇ ಹಿಗ್ಗಿ ಬಿರುಕು ಬಿಡಬಹುದು.

ಕಾನೂನು ಮತ್ತು ಸುರಕ್ಷತೆ

ಬ್ರಿಟನ್ನಿನ ಹೆದ್ದಾರಿ ಸಂಹಿತೆ ಎಲ್ಲ ಕಿಟಕಿಗಳ ಹಿಮ, ಮಂಜುಗಡ್ಡೆಗಳನ್ನು ತೆಗೆಯಲು ಹೇಳುತ್ತದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಬಾನೆಟ್ಟು, ಡಿಕ್ಕಿ, ಚಾವಣಿಗಳ ಮೇಲಿನದನ್ನೂ ತೆಗೆಯಬೇಕು. ಚಾವಣಿಯಿಂದ ಹಾರಿದ ಮಂಜುಗಡ್ಡೆಯ ತುಂಡು ಹಿಂದಿನವರ ಜೀವಕ್ಕೆ ಎರವಾಗಬಹುದು. ಗಾಜು ಬೆಚ್ಚಗಾಗಲೆಂದು ನಿಂತ ಕಾರಿನ ಎಂಜಿನ್ನನ್ನು ಅನಗತ್ಯವಾಗಿ ಓಡಿಸುವುದು ಜರ್ಮನಿಯಲ್ಲಿ ನಿಷಿದ್ಧ.

ಹಿಮದಲ್ಲಿ ಸೈಲೆನ್ಸರಿನ ಬಾಯಿ ಮುಚ್ಚಿದ್ದರೆ ವಾಸನೆಯಿಲ್ಲದ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಕಾರಿನೊಳಗೆ ತುಂಬುತ್ತದೆ. ಬೆಚ್ಚಗಿರಲೆಂದು ಮಕ್ಕಳನ್ನು ಒಳಗೆ ಕೂರಿಸಿ ಎಂಜಿನ್ ಹಚ್ಚಿ, ಹೊರಗೆ ಗಾಜು ಕೆರೆಯುವ ಹೊತ್ತಿನಲ್ಲೇ ಈ ಅಪಾಯ ಎದುರಾಗುತ್ತದೆ. ಗಾಜಿಗೆ ಕೈಹಾಕುವ ಮುನ್ನ, ಎಂಜಿನ್ ಹಚ್ಚುವ ಮುನ್ನ, ಮೊದಲು ಬಿಡಿಸಬೇಕಾದುದು ಸೈಲೆನ್ಸರಿನ ಬಾಯಿಯನ್ನು.