ಕೃತಿ, ಕೈ ಮತ್ತು ಗಣಕಯಂತ್ರ: ಚಿತ್ರಕರ್ತೃತ್ವ ಶೋಧದ ಒಂದು ಅವಲೋಕನ

ಸಹಿಯಿಲ್ಲದ ಚಿತ್ರವನ್ನು ಬರೆದವರು ಯಾರು ಎಂಬುದು ಕಲಾ ಇತಿಹಾಸದ ಹಳೆಯ ಪ್ರಶ್ನೆಗಳಲ್ಲಿ ಒಂದು. ಇಟಲಿಯ ಜಿಯೊವಾನ್ನಿ ಮೊರೆಲ್ಲಿ (1816–1891) ಇದಕ್ಕೊಂದು ಕ್ರಮಬದ್ಧ ವಿಧಾನವನ್ನು ರೂಪಿಸಿದನು. ವೈದ್ಯಶಾಸ್ತ್ರವನ್ನು ಅಭ್ಯಸಿಸಿದ್ದ ಆತನು ಚಿತ್ರದ ಒಟ್ಟಂದಕ್ಕಿಂತ ಕಿವಿ, ಉಗುರುಗಳಂತಹ ಗೌಣ ವಿವರಗಳನ್ನು ಲಕ್ಷಿಸಿದನು. ಕಲಾವಿದನು ರೂಢಿಬಲದಿಂದ ಬರೆಯುವ ಇಂತಹ ಕಡೆಗಳಲ್ಲೇ ಅವನ ಕೈಗುರುತು ಉಳಿಯುತ್ತದೆ ಎಂಬುದು ಆತನ ಗ್ರಹಿಕೆ. ಆದರೆ ತಜ್ಞರ ಕಣ್ಣಿಗೂ ಮಿತಿಯಿದ್ದಿತು. 1937ರಲ್ಲಿ ಅಬ್ರಹಾಂ ಬ್ರೆಡಿಯಸ್ ವರ್ಮೀರನದೆಂದು ಕೊಂಡಾಡಿದ ಚಿತ್ರವು ನಕಲಿಯೆಂಬುದು, ಅದನ್ನು ರಚಿಸಿದ ಹಾನ್ ವಾನ್ ಮೇಗೆರೆನ್ 1945ರಲ್ಲಿ ತಾನೇ ಒಪ್ಪಿಕೊಂಡಾಗ ಹೊರಬಿದ್ದಿತು.

ಈ ಹಿನ್ನೆಲೆಯಲ್ಲಿ ಗಣಕಯಂತ್ರದ ಪ್ರವೇಶವನ್ನು ಪರಿಶೀಲಿಸಬೇಕು. 1999ರಲ್ಲಿ ರಿಚರ್ಡ್ ಟೇಲರ್ ಮತ್ತು ಸಂಗಡಿಗರು, ಜಾಕ್ಸನ್ ಪೊಲಾಕ್ ಬಣ್ಣ ಸುರಿದು ರಚಿಸಿದ ಚಿತ್ರಗಳಲ್ಲಿ ಫ್ರ್ಯಾಕ್ಟಲ್ ವಿನ್ಯಾಸಗಳಿವೆ ಎಂದು ಪ್ರತಿಪಾದಿಸಿದರು. ಇದನ್ನೇ ಪೊಲಾಕ್‌ನ ಕೃತಿಗಳನ್ನು ಗುರುತಿಸುವ ಅಳತೆಗೋಲಾಗಿ ಬಳಸುವ ಯತ್ನವೂ ನಡೆಯಿತು. ಆದರೆ ಕ್ಯಾಥರೀನ್ ಜೋನ್ಸ್-ಸ್ಮಿತ್ ಮತ್ತು ಹರ್ಷ ಮಾಥುರ್ ಅವರು, ಕೈಯಿಂದ ಗೀಚಿದ ಸಾಮಾನ್ಯ ನಕ್ಷತ್ರಗಳೂ ಆ ಅಳತೆಗೆ ಒಗ್ಗುತ್ತವೆ ಎಂದು 2006ರಲ್ಲಿ ತೋರಿಸಿದರು.

2004ರಲ್ಲಿ ಅಮೆರಿಕದ ಡಾರ್ಟ್‌ಮೌತ್ ಕಾಲೇಜಿನ ಸಿವೀ ಲ್ಯೂ, ಡೇನಿಯಲ್ ರಾಕ್‌ಮೋರ್ ಮತ್ತು ಹಾನಿ ಫರೀದ್ ಬೇರೊಂದು ಮಾರ್ಗವನ್ನು ಹಿಡಿದರು. ಚಿತ್ರದ ಪ್ರತಿಬಿಂಬವನ್ನು ಚಿಕ್ಕ ಚೌಕಗಳಾಗಿ ವಿಭಜಿಸಿ, ಪ್ರತಿಯೊಂದರ ಗೆರೆಗಳ ಸೂಕ್ಷ್ಮತೆ ಮತ್ತು ದಿಕ್ಕುಗಳನ್ನು ವೇವ್‌ಲೆಟ್ ಗಣಿತದಿಂದ ಅಂಕಿಗಳಿಗೆ ಇಳಿಸಿ, ಅಂಕಿಗಳ ನಡುವಣ ಅಂತರವನ್ನು ಅಳೆಯುವುದು ಈ ವಿಧಾನದ ತಿರುಳು. ಬ್ರೂಗಲ್‌ನವೆಂದು ಒಮ್ಮೆ ಎಣಿಸಲಾಗಿದ್ದ 13 ರೇಖಾಚಿತ್ರಗಳಲ್ಲಿ 8 ನೈಜ ಕೃತಿಗಳನ್ನು 5 ಅನುಕರಣೆಗಳಿಂದ ಅದು ಪ್ರತ್ಯೇಕಿಸಿತು. ಪೆರುಜಿನೊ ಹೆಸರಿನ ಮಾತೆ-ಶಿಶು ಚಿತ್ರದ ಆರು ಮುಖಗಳಲ್ಲಿ ಮೂರು ಒಂದೇ ಕೈಯವು, ಉಳಿದ ಮೂರು ಬೇರೆ ಬೇರೆ ಕೈಗಳವು ಎಂಬ ಸೂಚನೆ ದೊರೆಯಿತು. ಅಂದರೆ ಒಟ್ಟು ನಾಲ್ಕು ಕೈಗಳು.

ಮುಂದಿನ ಘಟ್ಟದ ತೊಡಕು 2023ರಲ್ಲಿ ಸ್ಪಷ್ಟವಾಯಿತು. ‘ಡಿ ಬ್ರೆಸಿ ಟೊಂಡೊ’ ಎಂಬ ಚಿತ್ರದ ಮಾತೆಯ ಮುಖಕ್ಕೂ ರಫೇಲ್‌ನ ಸಿಸ್ಟೀನ್ ಮಡೋನಾಳ ಮುಖಕ್ಕೂ 97 ಪ್ರತಿಶತ ಸಾಮ್ಯವಿದೆಯೆಂದು ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ಮತ್ತು ಬ್ರ್ಯಾಡ್‌ಫರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರು ಘೋಷಿಸಿದರು. ಅದು ರಫೇಲ್‌ನದಲ್ಲವೆಂಬುದಕ್ಕೆ 85 ಪ್ರತಿಶತ ಸಂಭಾವ್ಯತೆಯಿದೆಯೆಂದು ಸ್ವಿಟ್ಜರ್ಲೆಂಡಿನ ಆರ್ಟ್ ರೆಕಗ್ನಿಷನ್ ಸಂಸ್ಥೆ ಅದೇ ವರ್ಷ ತಿಳಿಸಿತು. ಈ ಎರಡು ಅಂಕಿಗಳು ಒಂದೇ ಪ್ರಶ್ನೆಯ ಉತ್ತರಗಳಲ್ಲ. ಮೊದಲನೆಯದು ಮುಖಗಳ ಹೋಲಿಕೆಯನ್ನು ಹೇಳುತ್ತದೆ; ನಿಷ್ಠಾವಂತ ನಕಲುಗಾರನ ಮುಖವೂ ಮೂಲವನ್ನು ಹೋಲುತ್ತದೆ. ಎರಡನೆಯದು ಕರ್ತೃತ್ವದ ಸಂಭಾವ್ಯತೆಯನ್ನು ಹೇಳುತ್ತದೆ. ಯಂತ್ರಕ್ಕೆ ಕಲಿಸಲು ಆಯ್ದ ಮಾದರಿಗಳನ್ನು ಅದು ಅವಲಂಬಿಸುತ್ತದೆ. ಆ ಮಾದರಿಗಳು ನೈಜವೆಂಬ ನಿರ್ಣಯ ಮನುಷ್ಯರದ್ದೇ ಆಗಿರುವುದರಿಂದ, ಯಂತ್ರವು ತಜ್ಞರ ಕಣ್ಣನ್ನು ನಿವಾರಿಸುವುದಿಲ್ಲ.

ಜನಪದ ಅಧ್ಯಯನದ ದೃಷ್ಟಿಯಿಂದ ಇಲ್ಲಿ ಇನ್ನೊಂದು ಸಂಗತಿ ಮಹತ್ವದ್ದಾಗಿದೆ. ಒಂದೇ ಕಥನಕಾವ್ಯ ಹಲವು ಕಂಠಗಳಲ್ಲಿ ಬೆಳೆಯುವಂತೆ, ನವೋದಯ ಕಾಲದ ಇಟಲಿಯ ಚಿತ್ರಗಳು ಗುರುಶಿಷ್ಯರ ಕಮ್ಮಟಗಳಲ್ಲಿ ರೂಪುಗೊಂಡವು. ಹೆಸರು ಮಾತ್ರ ಗುರುವಿನದಾಯಿತು. ‘ಇದು ಯಾರದು’ ಎಂಬ ಪ್ರಶ್ನೆ ಮಾರುಕಟ್ಟೆಯ ಬೆಲೆಗೆ ನೆರವಾಗುತ್ತದೆ. ‘ಇದರಲ್ಲಿ ಎಷ್ಟು ಕೈಗಳಿವೆ’ ಎಂಬ ಪ್ರಶ್ನೆಯಾದರೋ ಹೆಸರುಳಿಯದ ಶಿಷ್ಯರನ್ನು ಇತಿಹಾಸಕ್ಕೆ ಮರಳಿಸುತ್ತದೆ. ಪೆರುಜಿನೊ ಚಿತ್ರದ ನಾಲ್ಕು ಕೈಗಳ ಶೋಧವು ಈ ಎರಡನೆಯ ದಾರಿಯದು. ಗಣಕಯಂತ್ರದ ನಿಜವಾದ ಉಪಕಾರವೂ ಅಲ್ಲಿಯೇ ಇದೆ ಎನ್ನಬಹುದು.