ಯಂತ್ರ ಉಳಿಯಿತು, ಸಂವೇದಕ ಮರೆಯಾಯಿತು: ಒಂದು ಬಿಡಿಭಾಗದ ಚರಿತ್ರೆ

ಕೊಲ್ಲಿ ನಾಡುಗಳ ನಮ್ಮ ಕನ್ನಡ ಬಂಧುಗಳಲ್ಲಿ ಅನೇಕರು ತೈಲ ಶುದ್ಧೀಕರಣಾಗಾರಗಳಲ್ಲಿ, ರಸಗೊಬ್ಬರ ಕಾರ್ಖಾನೆಗಳಲ್ಲಿ, ವಿದ್ಯುತ್ ಸ್ಥಾವರಗಳಲ್ಲಿ ಮತ್ತು ಸಮುದ್ರದ ನೀರನ್ನು ಸಿಹಿಗೊಳಿಸುವ ಘಟಕಗಳಲ್ಲಿ ದುಡಿಯುತ್ತಿದ್ದಾರೆ. ‘ಶಟ್‌ಡೌನ್’ ಎಂಬ ಪದದ ಭಾರ ಅವರ ಮನೆಯವರಿಗೂ ಗೊತ್ತು. ಆ ದಿನಗಳಲ್ಲಿ ಹಬ್ಬವೂ ಇಲ್ಲ, ರಜೆಯೂ ಇಲ್ಲ. ಮನೆಯೊಂದರಷ್ಟು ಗಾತ್ರದ ಕಂಪ್ರೆಸರ್ ಸಿದ್ಧವಾಗಿ ನಿಂತಿದ್ದರೂ, ಬೆರಳುದ್ದದ ಒಂದು ಸಂವೇದಕ ಸಿಗದೆ ಅದನ್ನು ಚಾಲನೆ ಮಾಡಲಾಗದ ಪ್ರಸಂಗಗಳು ಈ ಉದ್ಯಮದಲ್ಲಿ ಅಪರೂಪವಲ್ಲ. ಈ ಸಣ್ಣ ವಸ್ತು ಎಲ್ಲಿಂದ ಬಂತು, ಅದರ ತಯಾರಿಕೆ ನಿಂತ ಮೇಲೆ ಅದನ್ನು ಹುಡುಕುವುದು ಏಕಿಷ್ಟು ಕಷ್ಟ ಎಂಬುದನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಿವಿ ಮತ್ತು ಅಂಗೈಯ ಕಾಲ

ವೇಗವಾಗಿ ತಿರುಗುವ ಯಂತ್ರಗಳ ಆಧುನಿಕ ಯುಗ ಆರಂಭವಾದದ್ದು ಚಾರ್ಲ್ಸ್ ಪಾರ್ಸನ್ಸ್ 1884ರಲ್ಲಿ ರೂಪಿಸಿದ ಉಗಿ ಟರ್ಬೈನಿನಿಂದ. ವೇಗ ಹೆಚ್ಚಿದಂತೆ ಶಾಫ್ಟಿನ ಕಂಪನವೂ ದೊಡ್ಡ ಸಮಸ್ಯೆಯಾಯಿತು. ಒಂದು ನಿರ್ದಿಷ್ಟ ವೇಗವನ್ನು ಮೀರಿ ಶಾಫ್ಟು ಸ್ಥಿರವಾಗಿ ತಿರುಗಲಾರದೆಂದು 1869ರಲ್ಲಿ ರ‍್ಯಾಂಕಿನ್ ವಾದಿಸಿದ್ದರು. ಸ್ವೀಡನ್ನಿನ ಡಿ ಲಾವಾಲ್ ಆ ವೇಗವನ್ನು ದಾಟಿ ಟರ್ಬೈನ್ ಓಡಿಸಿ ತೋರಿಸಿದರು. ಅದು ಹೇಗೆ ಸಾಧ್ಯವೆಂಬುದಕ್ಕೆ ತೃಪ್ತಿಕರ ಗಣಿತವನ್ನು 1919ರಲ್ಲಿ ಜೆಫ್‌ಕಾಟ್ ಒದಗಿಸಿದರು. ಸಿದ್ಧಾಂತ ಹೀಗೆ ಬೆಳೆಯಿತಾದರೂ, ಕಾರ್ಖಾನೆಯ ನೆಲದ ಮೇಲೆ ಯಂತ್ರದ ಆರೋಗ್ಯವನ್ನು ತಿಳಿಯುವ ಸಾಧನಗಳು ನುರಿತ ಕೆಲಸಗಾರನ ಕಿವಿ ಮತ್ತು ಅಂಗೈಗಳೇ ಆಗಿದ್ದವು.

ನಮ್ಮ ನಾಡಿನ ಉದಾಹರಣೆಯನ್ನೇ ನೋಡಬಹುದು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳುಹಿಸಲಾರಂಭಿಸಿತು. ಅದರ ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದಲೂ, ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯಿಂದಲೂ ಬಂದವು. ಅಂದಿನ ಯಂತ್ರಗಳಲ್ಲಿ ಸವೆದುಹೋದ ಬೇರಿಂಗನ್ನು ಹೊಸದಾಗಿ ಎರಕ ಹೊಯ್ಯಬಹುದಿತ್ತು. ಮುರಿದ ಪಿನ್ನನ್ನು ಲೇತಿನ ಮೇಲೆ ಕಡೆದುಕೊಳ್ಳಬಹುದಿತ್ತು. ತಯಾರಕ ಸಮುದ್ರದಾಚೆ ಇದ್ದರೂ ನಕ್ಷೆ, ಲೋಹ ಮತ್ತು ಒಳ್ಳೆಯ ಕುಶಲಕರ್ಮಿ ಇದ್ದರೆ ಯಂತ್ರ ಬದುಕುತ್ತಿತ್ತು. ಮುಂದೆ ಬಂದ ವಿದ್ಯುನ್ಮಾನ ಸಂವೇದಕಕ್ಕೆ ಈ ಸೌಲಭ್ಯ ಇರಲಿಲ್ಲ.

ಮಿಂಡೆನ್ ಊರಿನಿಂದ ಬಂದ ಪ್ರೋಬ್

ಕಂಪನವನ್ನು ಅಂಕಿಗಳಲ್ಲಿ ಅಳೆದು, ಎಷ್ಟು ಸಹ್ಯ, ಎಷ್ಟು ಅಪಾಯಕರ ಎಂದು ವಿಂಗಡಿಸುವ ಪ್ರಸಿದ್ಧ ಪಟ್ಟಿಯೊಂದನ್ನು 1939ರಲ್ಲಿ ಟಿ. ಸಿ. ರಾತ್‌ಬೋನ್ ಪ್ರಕಟಿಸಿದರು. ಆದರೆ ಆ ಅಳತೆಗಳು ಯಂತ್ರದ ಹೊರಮೈಯವು. ದಪ್ಪನೆಯ ಕವಚದೊಳಗೆ, ಎಣ್ಣೆಯ ತೆಳುಪದರದ ಮೇಲೆ ತೇಲುತ್ತಾ ತಿರುಗುವ ಶಾಫ್ಟು ಏನು ಮಾಡುತ್ತಿದೆ ಎಂಬುದು ಹೊರಗಿನಿಂದ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.

ಈ ಕೊರತೆಯನ್ನು ನೀಗಿಸಿದವರಲ್ಲಿ ಪ್ರಮುಖರು ಅಮೆರಿಕದ ಡೊನಾಲ್ಡ್ ಬೆಂಟ್ಲಿ. 1950ರ ದಶಕದ ಮಧ್ಯಭಾಗದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಅವರು ಟ್ರಾನ್ಸಿಸ್ಟರ್ ಬಳಸಿದ ಸುಳಿಪ್ರವಾಹ ಸಂವೇದಕಗಳನ್ನು ಸಣ್ಣ ಪ್ರಮಾಣದಲ್ಲಿ ತಯಾರಿಸಿ ಮಾರತೊಡಗಿದರು. 1961ರಲ್ಲಿ ಉದ್ಯಮವನ್ನು ನೆವಾಡಾ ರಾಜ್ಯದ ಮಿಂಡೆನ್ ಎಂಬ ಚಿಕ್ಕ ಊರಿಗೆ ಸ್ಥಳಾಂತರಿಸಿದರು. ಅಲ್ಲಿ ಬೆಳೆದ ಬೆಂಟ್ಲಿ ನೆವಾಡಾ ಕಂಪನಿಯ ಹೆಸರು ಇಂದು ಹೆಚ್ಚುಕಡಿಮೆ ಪ್ರತಿಯೊಂದು ದೊಡ್ಡ ಸ್ಥಾವರದ ನಿಯಂತ್ರಣ ಕೊಠಡಿಯಲ್ಲೂ ಕೇಳಿಬರುತ್ತದೆ.

ಪ್ರೋಬಿನ ತತ್ತ್ವ ಸರಳ. ಅದರ ತುದಿಯಲ್ಲೊಂದು ಸಣ್ಣ ತಂತಿಸುರುಳಿ ಇರುತ್ತದೆ. ಅದರಲ್ಲಿ ಹರಿಯುವ ಅಧಿಕ ಆವರ್ತನದ ವಿದ್ಯುತ್ತು ಎದುರಿನ ಶಾಫ್ಟಿನ ಮೇಲ್ಮೈಯಲ್ಲಿ ಸುಳಿಪ್ರವಾಹಗಳನ್ನು ಹುಟ್ಟಿಸುತ್ತದೆ. ಶಾಫ್ಟು ಹತ್ತಿರ ಬಂದಷ್ಟೂ ಸುರುಳಿ ಹೆಚ್ಚು ಶಕ್ತಿ ಕಳೆದುಕೊಳ್ಳುತ್ತದೆ. ಈ ವ್ಯತ್ಯಾಸವನ್ನು ಪ್ರಾಕ್ಸಿಮಿಟರ್ ಎಂಬ ಪೆಟ್ಟಿಗೆ ವೋಲ್ಟೇಜಾಗಿ ಪರಿವರ್ತಿಸುತ್ತದೆ. ಇಂದು ಸಾಮಾನ್ಯವಾಗಿರುವ 8 ಮಿ.ಮೀ. ಪ್ರೋಬಿಗೆ -24 ವೋಲ್ಟ್ ಪೂರೈಕೆ ಬೇಕು. ಅಂತರ ಒಂದು ಮಿಲಿಮೀಟರ್ ಬದಲಾದರೆ ಅದರ ಸಂಕೇತ 7.87 ವೋಲ್ಟ್ ಬದಲಾಗುತ್ತದೆ. ಶಾಫ್ಟನ್ನು ಮುಟ್ಟದೆಯೇ ಮೈಕ್ರಾನ್‌ಗಳ ಲೆಕ್ಕದಲ್ಲಿ ಅದರ ಚಲನೆಯನ್ನು ತಿಳಿಯುವ ಬಗೆ ಇದು.

ಬಿಡಿಸಲಾಗದ ಮೂವರು

ಹುಡುಕಾಟದ ಕಷ್ಟ ಹುಟ್ಟುವುದು ಈ ತತ್ತ್ವದಿಂದಲೇ. ಪ್ರೋಬ್, ವಿಸ್ತರಣಾ ಕೇಬಲ್ ಮತ್ತು ಪ್ರಾಕ್ಸಿಮಿಟರ್ ಸೇರಿ ಒಂದೇ ವಿದ್ಯುನ್ಮಂಡಲ. ಇಲ್ಲಿ ಕೇಬಲ್ ಕೇವಲ ದಾರಿಯಲ್ಲ. ಅದರ ಉದ್ದವೂ ವಿದ್ಯುತ್ ಗುಣವೂ ಅಳತೆಯ ಭಾಗಗಳು. 9 ಮೀಟರ್ ವ್ಯವಸ್ಥೆಗೆಂದು ಹೊಂದಿಸಿದ ಪ್ರಾಕ್ಸಿಮಿಟರಿಗೆ 5 ಮೀಟರಿನ ಪ್ರೋಬ್-ಕೇಬಲ್ ಜೋಡಿಸಿದರೆ ಸಂಕೇತ ಬರುತ್ತದೆ, ಆದರೆ ಅದು ಸುಳ್ಳು ಹೇಳುತ್ತದೆ. ಶಾಫ್ಟಿನ ಉಕ್ಕಿನ ಬಗೆಯೂ ಮುಖ್ಯ. ಕಾರ್ಖಾನೆಯಲ್ಲಿ ಹೊಂದಿಕೆ ಮಾಡುವುದು ಸಾಮಾನ್ಯವಾಗಿ 4140 ದರ್ಜೆಯ ಉಕ್ಕಿಗೆ. ಲೋಹ ಬೇರೆಯಾದರೆ ಲೆಕ್ಕವೂ ಬೇರೆ. ತಲೆಮಾರುಗಳ ಅಂತರ ಇನ್ನೊಂದು ತೊಡಕು. ಹಳೆಯ 3000 ಸರಣಿ -18 ವೋಲ್ಟಿನದು. ಅನಂತರದ 7200 ಮತ್ತು 3300 ಸರಣಿಗಳು -24 ವೋಲ್ಟಿನವಾದರೂ, ಒಂದರ ಪ್ರೋಬನ್ನು ಇನ್ನೊಂದರ ಪೆಟ್ಟಿಗೆಗೆ ಜೋಡಿಸುವಂತಿಲ್ಲ.

1976ರಲ್ಲಿ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಎಪಿಐ 670 ಎಂಬ ಮಾನದಂಡವನ್ನು ಪ್ರಕಟಿಸಿತು. ಪ್ರೋಬಿನ ಅಳತೆ, ಸಂಕೇತದ ಪ್ರಮಾಣ, ಪ್ರತಿ ಬೇರಿಂಗಿಗೆ 90 ಡಿಗ್ರಿ ಅಂತರದಲ್ಲಿ ಎರಡು ಪ್ರೋಬ್‌ಗಳು ಎಂಬಂಥ ನಿಯಮಗಳು ಅದರಿಂದ ನೆಲೆಗೊಂಡವು. ಕೊಲ್ಲಿ ನಾಡುಗಳಲ್ಲಿ ಬೃಹತ್ ಸ್ಥಾವರಗಳು ಏಳುತ್ತಿದ್ದ ಕಾಲವೂ ಅದೇ. ಸೌದಿ ಅರೇಬಿಯಾದ ಜುಬೈಲ್ ಮತ್ತು ಯನ್ಬು ಕೈಗಾರಿಕಾ ನಗರಗಳಿಗಾಗಿ ರಾಯಲ್ ಕಮಿಷನ್ ಸ್ಥಾಪನೆಯಾದದ್ದು 1975ರಲ್ಲಿ. ಆ ದಶಕಗಳ ಯಂತ್ರಗಳೊಂದಿಗೇ ಅಂದಿನ ಸಂವೇದಕಗಳೂ ಬಂದು ನೆಲೆಯೂರಿದವು.

ಒಳ್ಳೆಯ ಆರೈಕೆ ಪಡೆದ ಟರ್ಬೈನ್ ನಾಲ್ಕೈದು ದಶಕ ನಡೆಯಬಲ್ಲದು. ವಿದ್ಯುನ್ಮಾನ ಸರಣಿಯೊಂದರ ಮಾರುಕಟ್ಟೆಯ ಆಯುಸ್ಸು ಅದಕ್ಕಿಂತ ಬಹಳ ಕಡಿಮೆ. ಒಳಗಿನ ಬಿಡಿ ಚಿಪ್ಪುಗಳ ತಯಾರಿಕೆ ನಿಂತರೆ ಪೆಟ್ಟಿಗೆಯ ತಯಾರಿಕೆಯೂ ನಿಲ್ಲುತ್ತದೆ. ಕಂಪನಿಗಳ ಒಡೆತನವೂ ಬದಲಾಗುತ್ತದೆ. ಬೆಂಟ್ಲಿ ನೆವಾಡಾ 2002ರಲ್ಲಿ ಜನರಲ್ ಎಲೆಕ್ಟ್ರಿಕ್ ಪಾಲಾಗಿ, ಇಂದು ಬೇಕರ್ ಹ್ಯೂಸ್ ಸಂಸ್ಥೆಯ ಭಾಗವಾಗಿದೆ.

ಹುಡುಕಾಟದ ಹಾದಿ

ತಯಾರಿಕೆ ನಿಂತ ಸಂವೇದಕವನ್ನು ಹುಡುಕುವವರು ಮೊದಲು ನೋಡುವುದು ಸ್ವಂತ ಉಗ್ರಾಣವನ್ನು. ಹಳೆಯ ಹೆಸರಿನಲ್ಲೋ ಬೇರೆ ಸಂಖ್ಯೆಯಲ್ಲೋ ದಾಖಲಾಗಿ ಕಪಾಟಿನಲ್ಲಿ ಮರೆತುಹೋದ ಪ್ರೋಬ್‌ಗಳು ಎಷ್ಟೋ ಸಲ ಅಲ್ಲೇ ಸಿಗುತ್ತವೆ. ಬಳಿಕ ಅದೇ ಮಾದರಿಯ ಯಂತ್ರವಿರುವ ಸೋದರ ಸ್ಥಾವರಗಳನ್ನು ವಿಚಾರಿಸುತ್ತಾರೆ. ತಯಾರಕರು ‘ಕೊನೆಯ ಖರೀದಿ’ಗೆ ಕರೆ ಕೊಟ್ಟಾಗ ದೂರದೃಷ್ಟಿಯಿಂದ ಹೆಚ್ಚುವರಿ ದಾಸ್ತಾನು ಮಾಡಿಟ್ಟವರು ಅಂದು ದೊಡ್ಡ ಉಪಕಾರಿಗಳಾಗಿ ಕಾಣುತ್ತಾರೆ. ಆಮೇಲಿನದು ಹಳೆಯ ಸರಕಿನ ವ್ಯಾಪಾರಿಗಳ ಮತ್ತು ದುರಸ್ತಿದಾರರ ಸರದಿ. ಬಾಹ್ಯಾಕಾಶ ಸಂಸ್ಥೆ ನಾಸಾ ಕೂಡ ಈ ಹಾದಿ ತುಳಿದಿದೆ. ನೌಕೆಯ ರಾಕೆಟ್‌ಗಳನ್ನು ಪರೀಕ್ಷಿಸುವ ಉಪಕರಣಗಳಿಗಾಗಿ ಅದು ಹಳೆಯ ಇಂಟೆಲ್ 8086 ಚಿಪ್ಪುಗಳನ್ನು ಇ-ಬೇಯಂಥ ಹರಾಜು ತಾಣಗಳಲ್ಲಿ ಹುಡುಕುತ್ತಿದ್ದುದು 2002ರಲ್ಲಿ ಸುದ್ದಿಯಾಗಿತ್ತು.

ಈ ಮಾರುಕಟ್ಟೆಯಲ್ಲಿ ನಕಲಿ ಚೀಟಿ ಅಂಟಿಸಿದ ಮಾಲೂ ಉಂಟು, ಸುಟ್ಟ ಪೆಟ್ಟಿಗೆಗೆ ಬಣ್ಣ ಬಳಿದದ್ದೂ ಉಂಟು. ಆದ್ದರಿಂದ ಬಲ್ಲವರು ಬಂದ ವಸ್ತುವನ್ನು ನೇರವಾಗಿ ಯಂತ್ರಕ್ಕೆ ಕೂರಿಸುವುದಿಲ್ಲ. ಮೈಕ್ರೋಮೀಟರಿಗೆ ಜೋಡಿಸಿ, ಅಂತರವನ್ನು ಹಂತಹಂತವಾಗಿ ಹೆಚ್ಚಿಸುತ್ತಾ ವೋಲ್ಟೇಜ್ ಬರೆದುಕೊಂಡು, ರೇಖೆ ನೇರವಾಗಿದೆಯೇ ಎಂದು ನೋಡುತ್ತಾರೆ. ಎಲ್ಲ ದಾರಿಗಳೂ ಮುಚ್ಚಿದಾಗ ಮುಂದಿನ ಶಟ್‌ಡೌನಿನಲ್ಲಿ ಪ್ರೋಬಿನಿಂದ ಪ್ರಾಕ್ಸಿಮಿಟರಿನವರೆಗೆ ಇಡೀ ಸರಪಳಿಯನ್ನು ಹೊಸದಾಗಿಸುವುದೇ ಸರಿಯಾದ ಪರಿಹಾರ.

ಮೌನವಾದ ಸಂವೇದಕದ ಬೆಲೆ

ನಿಜವಾದ ಅಪಾಯ ಬೇರೆ ಕಡೆ ಇದೆ. ಬಿಡಿಭಾಗ ಸಿಗದಿದ್ದಾಗ, ‘ಸದ್ಯಕ್ಕೆ ಆ ಸಂಕೇತವನ್ನು ಬೈಪಾಸ್ ಮಾಡಿ ಓಡಿಸೋಣ’ ಎಂಬ ಮಾತು ಏಳುತ್ತದೆ. ಆ ‘ಸದ್ಯಕ್ಕೆ’ ಎಷ್ಟೋ ಕಡೆ ವರ್ಷಗಳಾಗುತ್ತದೆ. ಕಂಪನದ ಎಚ್ಚರಿಕೆಗೆ ಯಾರೂ ಕಿವಿಗೊಡದಿದ್ದರೆ ಏನಾಗಬಹುದೆಂಬುದಕ್ಕೆ ರಷ್ಯಾದ ಸಯಾನೊ-ಶುಶೆನ್ಸ್ಕಾಯಾ ಜಲವಿದ್ಯುತ್ ಕೇಂದ್ರ ಸಾಕ್ಷಿ. 2009ರ ಆಗಸ್ಟ್ 17ರಂದು ಅಲ್ಲಿನ ಎರಡನೇ ಟರ್ಬೈನಿನ ಮುಚ್ಚಳವನ್ನು ಹಿಡಿದಿದ್ದ, ಲೋಹದ ದಣಿವಿನಿಂದ ಬಿರುಕುಬಿಟ್ಟಿದ್ದ ಬೋಲ್ಟುಗಳು ಮುರಿದು, ನೀರು ಯಂತ್ರಾಗಾರವನ್ನು ಮುಳುಗಿಸಿತು. 75 ಜನ ಪ್ರಾಣ ಕಳೆದುಕೊಂಡರು. ಬೇರಿಂಗಿನ ಕಂಪನ ಅನುಮತಿಸಿದ 160 ಮೈಕ್ರಾನ್ ಮಿತಿಯನ್ನು ಮೀರಿ 840 ಮೈಕ್ರಾನ್ ತಲುಪಿತ್ತೆಂದು ಅಧಿಕೃತ ತನಿಖೆ ದಾಖಲಿಸಿತು. ಕಂಪನವನ್ನು ನಿರಂತರ ಗಮನಿಸುವ ವ್ಯವಸ್ಥೆಯನ್ನು ಅಳವಡಿಸಲಾಗಿದ್ದರೂ ಅದನ್ನು ವಿಧಿವತ್ತಾಗಿ ಬಳಕೆಗೆ ತಂದಿರಲಿಲ್ಲ. ಅಲ್ಲಿ ಬಿಡಿಭಾಗದ ಕೊರತೆ ಕಾರಣವಾಗಿರಲಿಲ್ಲ, ನಿಜ. ಆದರೆ ಲೆಕ್ಕಕ್ಕೆ ಬಾರದ ಸಂವೇದಕವೂ ಬೈಪಾಸಾದ ಸಂವೇದಕವೂ ಯಂತ್ರದ ಪಕ್ಕದಲ್ಲಿ ನಿಂತವನಿಗೆ ಒಂದೇ.

ಈ ಚರಿತ್ರೆಯಿಂದ ತಿಳಿಯುವುದಿಷ್ಟು: ವಸ್ತುವಿನ ತಯಾರಿಕೆ ನಿಲ್ಲುವುದಕ್ಕಿಂತ ಅದರ ಕುರಿತ ತಿಳಿವಳಿಕೆ ಇಲ್ಲವಾಗುವುದು ಹೆಚ್ಚು ದುಬಾರಿ. ಯಾವ ಬೇರಿಂಗಿಗೆ ಯಾವ ಸರಣಿ, ಕೇಬಲಿನ ಉದ್ದವೆಷ್ಟು, ಶಾಫ್ಟಿನ ಉಕ್ಕು ಯಾವುದು, ಕೂರಿಸಿದಾಗ ಇದ್ದ ವೋಲ್ಟೇಜ್ ಎಷ್ಟು ಎಂಬ ನಾಲ್ಕು ಸಾಲುಗಳ ದಾಖಲೆ ಇದ್ದರೆ ಬದಲಿ ವಸ್ತುವನ್ನು ಹುಡುಕಿಕೊಳ್ಳಬಹುದು. ಅದಿಲ್ಲದಿದ್ದರೆ ಹೊಸ ಪ್ರೋಬ್ ಕೈಯಲ್ಲಿದ್ದರೂ ಫಲವಿಲ್ಲ. ಈ ವಿವರಗಳು ಬಹಳ ಕಡೆ ಕಾಗದದ ಮೇಲಿಲ್ಲ. ಮೂವತ್ತು ವರ್ಷ ಒಂದೇ ಯಂತ್ರವನ್ನು ನೋಡಿಕೊಂಡ ಹಿರಿಯರ ನೆನಪಿನಲ್ಲಿವೆ. ನಿವೃತ್ತರಾಗಿ ಊರಿಗೆ ಹೊರಟು ನಿಂತಿರುವ ಅಂಥ ಹಿರಿಯರು ನಮ್ಮ ಸಂಘದಲ್ಲೂ ಇದ್ದಾರೆ. ಹೊರಡುವ ಮುನ್ನ ತಾವು ಬಲ್ಲದ್ದನ್ನು ತಮ್ಮ ಸ್ಥಳದಲ್ಲಿ ನಿಲ್ಲುವ ಕಿರಿಯರಿಗೆ ಬರೆದುಕೊಡಬೇಕೆಂದು ಅವರಲ್ಲಿ ವಿನಂತಿ.