ಮಾತ್ರೆ ಬಲ್ಲವರ ಊಟ

ಔಷಧಿ ಅಂಗಡಿಯವರು ಮಾತ್ರೆಯ ಕವರಿನ ಮೇಲೆ ಪೆನ್ನಿನಲ್ಲಿ 1-0-1 ಎಂದು ಬರೆದುಕೊಡುತ್ತಾರೆ. ಬೆಳಿಗ್ಗೆ ಒಂದು, ರಾತ್ರಿ ಒಂದು, ಮಧ್ಯಾಹ್ನ ಬೇಡ. ಆ ಲೆಕ್ಕವನ್ನು ನಾವು ಭಕ್ತಿಯಿಂದ ಪಾಲಿಸುತ್ತೇವೆ. ಊಟದ ತಟ್ಟೆಯ ಮುಂದೆ ಕುಳಿತರೆ ಮಾತ್ರ ಲೆಕ್ಕ ಮರೆತುಹೋಗುತ್ತದೆ. ಆದರೆ ಮಾತ್ರೆ ಎಂಬ ಪದಕ್ಕೆ ಗುಳಿಗೆಗಿಂತ ತಟ್ಟೆಯ ನಂಟೇ ಹಳೆಯದು.

ಸಂಸ್ಕೃತದಲ್ಲಿ ‘ಮಾ’ ಎಂದರೆ ಅಳೆ. ಮಾನ, ಪ್ರಮಾಣ, ಮಾತ್ರಾ ಎಲ್ಲವೂ ಅದರ ಮಕ್ಕಳು. ಮಾತ್ರಾ ಕನ್ನಡಕ್ಕೆ ಬಂದು ಮಾತ್ರೆಯಾಯಿತು. ಛಂದಸ್ಸಿನಲ್ಲಿ ಅದು ಒಂದು ಹ್ರಸ್ವಸ್ವರವನ್ನು ನುಡಿಯುವಷ್ಟು ಹೊತ್ತು. ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ ಅಂಥ 14 ಮಾತ್ರೆ. ಒಂದು ಹೆಚ್ಚಿದರೂ ಸಾಲು ಕುಂಟುತ್ತದೆ, ಒಂದು ತಗ್ಗಿದರೂ ಕುಂಟುತ್ತದೆ. ವೈದ್ಯರ ಕೈಯಲ್ಲಿ ಅದು ಮದ್ದಿನ ಅಳತೆಯಾಗಿ, ಕೊನೆಗೆ ಮದ್ದೇ ಆಯಿತು. ಚರಕಸಂಹಿತೆಯ ಸೂತ್ರಸ್ಥಾನದ 5ನೇ ಅಧ್ಯಾಯ ‘ಮಾತ್ರಾಶಿತೀಯ’. ಅಳತೆಯರಿತು ಉಣ್ಣುವ ಮಾತಿನಿಂದಲೇ ಅದು ಶುರುವಾಗುತ್ತದೆ.

ಪಾಲಿಯಲ್ಲಿ ಇದೇ ಪದ ‘ಮತ್ತಾ’. ಬುದ್ಧ ಭಿಕ್ಷುಗಳಿಗೆ ಕಲಿಸಿದ ಗುಣಗಳಲ್ಲಿ ‘ಭೋಜನೇ ಮತ್ತಞ್ಞುತಾ’ ಒಂದು, ಅಂದರೆ ಊಟದಲ್ಲಿ ಮಾತ್ರೆ ಬಲ್ಲವನಾಗಿರುವುದು. ಹೊಟ್ಟೆ ಬೆನ್ನಿಗೆ ಹತ್ತುವಷ್ಟು ಉಪವಾಸ ಮಾಡಿ, ಅದರಿಂದ ದಾರಿ ಕಾಣದೆ ಮತ್ತೆ ಉಂಡವನು ಆತ. ಹಾಗಾಗಿ ಆತನ ಮಾತ್ರೆಗೆ ಷಟ್ಪದಿಯ ಮಾತ್ರೆಯಂತೆ ಹೆಚ್ಚೂ ತಪ್ಪು, ಕಡಿಮೆಯೂ ತಪ್ಪು. ಗಾಯಕ್ಕೆ ಹಚ್ಚುವ ಮುಲಾಮು, ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ: ಅನ್ನಕ್ಕೆ ಪಾಲಿ ಸೂತ್ರಗಳು ಕೊಡುವ ಹೋಲಿಕೆಗಳಿವು. ಕೀಲೆಣ್ಣೆ ಇಲ್ಲದಿದ್ದರೆ ಗಾಡಿ ಸಾಗದು. ಸುರಿದುಕೊಂಡರೆ ಬರಿಯ ಜಿಡ್ಡು.

ಭಿಕ್ಷುಗಳ ನಡತೆಯ ಕಟ್ಟಳೆಯಾದ ವಿನಯದಲ್ಲಿ ಉಣ್ಣುವ ರೀತಿಗೂ ನಿಯಮಗಳಿವೆ. ತುತ್ತು ದೊಡ್ಡದಾಗಬಾರದು, ಅನ್ನ ಚೆಲ್ಲಬಾರದು, ಗಮನ ಪಾತ್ರೆಯ ಮೇಲಿರಬೇಕು. ‘ಚಪುಚಪು’ ಎನ್ನಬಾರದು, ‘ಸುರುಸುರು’ ಎನ್ನಬಾರದು. ಈ ಎರಡೂ ಪಾಲಿಯದೇ ಸದ್ದುಗಳು. ನಮ್ಮ ಕಿವಿಗೆ ಅರ್ಥ ಹೇಳಬೇಕಾಗಿಯೇ ಇಲ್ಲ.

ಪಾಲಿ ಸೂತ್ರಗಳ ಸಂಗ್ರಹವಾದ ಸಂಯುತ್ತ ನಿಕಾಯದಲ್ಲಿ ಕೋಸಲದ ರಾಜ ಪಸೇನದಿಯ ಕಥೆಯಿದೆ. ದ್ರೋಣವೆಂಬ ದೊಡ್ಡ ಅಳತೆಯಷ್ಟು ಅನ್ನ ಉಣ್ಣುತ್ತಿದ್ದ ಆತ ಒಂದು ದಿನ ಏದುಸಿರು ಬಿಡುತ್ತ ಬುದ್ಧನ ಬಳಿ ಬಂದು ಕುಳಿತ. ಬುದ್ಧ ಗದರಲಿಲ್ಲ. ಎಚ್ಚರವಿದ್ದು ಮಾತ್ರೆ ಬಲ್ಲವನಿಗೆ ನೋವು ಕಡಿಮೆ, ಮುಪ್ಪು ನಿಧಾನ ಎಂಬ ಅರ್ಥದ ಒಂದು ಗಾಥೆ ಹೇಳಿದ. ಸುದಸ್ಸನನೆಂಬ ಹುಡುಗ ಅದನ್ನು ಕಲಿತು ಪ್ರತಿ ಊಟದ ಹೊತ್ತಿಗೆ ತನಗೆ ಕೇಳಿಸಬೇಕೆಂದು ರಾಜ ಹೇಳಿದ. ಅದಕ್ಕೆ ದಿನಕ್ಕೆ 100 ಕಹಾಪಣ ನಾಣ್ಯ ಸಂಬಳ. ರಾಜನ ಊಟ ಮೆಲ್ಲಮೆಲ್ಲನೆ ಇಳಿದು ನಾಳಿಯೆಂಬ ಸಣ್ಣ ಅಳತೆ ಒಂದರಷ್ಟಕ್ಕೆ ಬಂದು ನಿಂತಿತು. ಕೊನೆಗೊಂದು ದಿನ, ಹಗುರಾದ ಮೈಯನ್ನು ತನ್ನ ಕೈಯಿಂದಲೇ ಸವರಿಕೊಂಡು ಬುದ್ಧನ ಕರುಣೆಯನ್ನು ನೆನೆದ.

ಇಲ್ಲಿ ಯಾರೂ ರಾಜನ ತಟ್ಟೆಯನ್ನು ಕಿತ್ತುಕೊಳ್ಳಲಿಲ್ಲ. ನೆನಪಿಸುವ ಒಂದು ದನಿ ಪಕ್ಕದಲ್ಲಿತ್ತು, ಅಷ್ಟೇ. ಆ ಗಾಥೆಯಲ್ಲಿ ಎಚ್ಚರಕ್ಕಿರುವ ಪಾಲಿ ಪದ ‘ಸತಿ’ ಎಂದರೂ ಸ್ಮೃತಿಯೇ, ನೆನಪೇ.

ನಮಗೆ ಸುದಸ್ಸನನಿಲ್ಲ; ಮಾತ್ರೆ ಎಂಬ ಪದವಿದೆ. ಮುಂದಿನ ಊಟದಲ್ಲಿ ಎರಡನೆಯ ಸೌಟು ತಟ್ಟೆಗೆ ಬೀಳುವ ಮುನ್ನ ಒಂದೇ ಒಂದು ಮಾತ್ರೆ, ‘ಅ’ ಎನ್ನುವಷ್ಟು ಹೊತ್ತು, ಕೈ ತಡೆಯಿರಿ. ಬೇಕೇ, ಸಾಕೇ ಎಂದು ಹೊಟ್ಟೆಯನ್ನೇ ಕೇಳಿ.